ಗೇಮ್ ಪೆಟ್ಟಿಗೆಗೆ ಹೂ ಮುಡಿಸಿದ ದಿನ

ನಮ್ಮವರು, ಅಂದರೆ ನನ್ನ ಗಂಡ, ಉಣ್ಣುವುದು ಟಿವಿ ನೋಡಿಕೊಂಡೇ. ಇದನ್ನು ಕೇಳಿ ನಗುವವರಿದ್ದಾರೆ. ಸಣ್ಣ ಮಕ್ಕಳ ಹಾಗೆ ಎಂದು ಪಕ್ಕದ ಮನೆಯವಳೂ ನಕ್ಕಿದ್ದಳು. ಅವಳು ಒಂದು ಹೊತ್ತು ಬಂದು ಅವರ ಬಾಯಿಗೆ ಗಂಜಿ ಹಾಕಿ ನೋಡಲಿ, ಆಮೇಲೆ ನಗಲಿ.

ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಹೋಯಿತು. ನುಂಗಲಿಕ್ಕೆ ತೊಂದರೆ ಇಲ್ಲ ಎಂದು ಮಣಿಪಾಲದ ಡಾಕ್ಟರು ಹೇಳಿದರು. ಆದರೆ ಇವರು ಬಾಯಿಯನ್ನೇ ತೆರೆಯಲಿಲ್ಲ. ಚಮಚ ತುಟಿಗೆ ತಾಗಿದ ಕೂಡಲೇ ಹಲ್ಲು ಕಚ್ಚಿ ಹಿಡಿಯುತ್ತಿದ್ದರು. ಕೊನೆಗೆ ಮೂಗಿನಿಂದ ನಳಿಗೆ ಹಾಕಿದರು. ಅದನ್ನು ಅವರು ಎಡಗೈಯಿಂದ ಕಿತ್ತು ಬಿಸಾಡಿದರು, ದಿಂಬೆಲ್ಲ ರಕ್ತ. ಪುನಃ ಹಾಕಿ, ಆ ಎಡಗೈಯನ್ನು ಮಂಚದ ಸರಳಿಗೆ ಬಟ್ಟೆಯಲ್ಲಿ ಕಟ್ಟಿದರು. ಹದಿನಾಲ್ಕು ದಿನ ಹಾಗೆಯೇ ಇದ್ದರು. ಸರಿ ಇದ್ದದ್ದು ಅದೊಂದೇ ಕೈ. ನಾನು ಅಳಲಿಲ್ಲ. ಆದರೆ ಇನ್ನೊಮ್ಮೆ ಅದನ್ನು ನೋಡಲಿಕ್ಕೆ ನನ್ನಿಂದ ಆಗುವುದಿಲ್ಲ ಎಂದು ಅಲ್ಲಿಯೇ ನಿಶ್ಚಯ ಮಾಡಿದೆ.

ಕಾಪುವಿನ ಮಗಳ ಮನೆಗೆ ಕರೆದುಕೊಂಡು ಬಂದ ಮೇಲೆ ದಾರಿ ಹುಡುಕಿದವಳು ಮೊಮ್ಮಗಳು. ಅವಳು ಮಣಿಪಾಲದಲ್ಲಿ ಓದುತ್ತಾಳೆ. ಮಾಳಿಗೆಯ ಕೋಣೆಯಲ್ಲಿ ಅವಳದ್ದೊಂದು ಕಪ್ಪು ಪೆಟ್ಟಿಗೆ ಉಂಟು, ಗೇಮ್ ಆಡುವಂಥದ್ದು, ಅವಳ ಅಪ್ಪ ಗಲ್ಫಿನಿಂದ ತಂದದ್ದು. ಅದರೊಳಗೆ ಆಟ ಮಾತ್ರ ಅಲ್ಲ, ಮನೆಯ ಹಳೆಯ ವಿಡಿಯೋಗಳನ್ನೂ ತುಂಬಿಸಿಟ್ಟಿದ್ದಳು. ಒಂದರಲ್ಲಿ ನಮ್ಮವರು ಕಡಲ ಬದಿಯಲ್ಲಿ ಕೈರಂಪಣಿ ಎಳೆಯುತ್ತಾರೆ. ದಡದಲ್ಲಿ ಎರಡು ಸಾಲು ನಿಂತು ಎಳೆಯುವ ಉದ್ದದ ಬಲೆ ಅದು. ಇವರು ಮುಂದಿನಿಂದ "ಐಲೇಸಾ" ಎಂದು ಕೂಗುತ್ತಾರೆ, ಹಿಂದಿನವರೆಲ್ಲ ಕೂಗಿ ಹಗ್ಗ ಜಗ್ಗುತ್ತಾರೆ. ಹನ್ನೊಂದು ನಿಮಿಷದ ವಿಡಿಯೋ. ಅಳಿಯ ತೆಗೆದದ್ದು. ತೆಗೆದ ಮೊಬೈಲು ಆಮೇಲೆ ಕಡಲಿಗೇ ಬಿತ್ತು.

ಆ ವಿಡಿಯೋ ಟಿವಿಯಲ್ಲಿ ಬಂದ ಮೊದಲ ದಿನ, ಹಗ್ಗ ಜಗ್ಗುವಾಗ ಇವರ ಬಾಯಿ ತೆರೆಯಿತು. ಕೂಗಲಿಕ್ಕೆ ಹೊರಟದ್ದು. ಸ್ವರ ಬರಲಿಲ್ಲ. ನನ್ನ ಕೈಯಲ್ಲಿ ಚಮಚ ಇತ್ತು, ಹಾಕಿಬಿಟ್ಟೆ. ನುಂಗಿದರು. ಅಂದಿನಿಂದ ಒಂದು ಎಳೆತಕ್ಕೆ ಒಂದು ಚಮಚ. ಮೋಸ ಎಂದು ಬೇಕಾದರೆ ಹೇಳಿ. ಎರಡು ವರ್ಷ ಅವರು ಬದುಕಿದ್ದು ಈ ಮೋಸದಲ್ಲಿ.

ಮೊಬೈಲಿನಲ್ಲಿ ತೋರಿಸಿದರೆ ಅವರಿಗೆ ಕಾಣುವುದಿಲ್ಲ, ಒಂದು ಕಣ್ಣು ಮಂಜು. ಪೆಟ್ಟಿಗೆಯಿಂದ ಟಿವಿಗೆ ವಯರು ಸಿಕ್ಕಿಸುವ ಎಂದರೆ ಟಿವಿಯ ಹಿಂದಿನ ತೂತುಗಳನ್ನೆಲ್ಲ ಕಡಲ ಗಾಳಿ ತುಕ್ಕು ಹಿಡಿಸಿ ತಿಂದಿದೆ. ಹಾಗಾಗಿ ಮೊಮ್ಮಗಳು ವೈಫೈಯಲ್ಲಿ ಮಾಡಿಕೊಟ್ಟಳು. ಮಾಳಿಗೆಯ ಪೆಟ್ಟಿಗೆ ಗಾಳಿಯಲ್ಲಿ ಕಳಿಸುತ್ತದೆ, ಕೆಳಗೆ ಚಾವಡಿಯಲ್ಲಿ, ಅವರ ಮಂಚದ ಎದುರಿನ ಟಿವಿ ತೆಗೆದುಕೊಳ್ಳುತ್ತದೆ. ರಿಮೋಟಿನಲ್ಲಿ ಯಾವ ಗುಂಡಿ, ಎಷ್ಟು ಸಲ ಎಂದು ನನಗೆ ಕಲಿಸಿದಳು. ನಾನು ನಾಲ್ಕನೆಯ ಕ್ಲಾಸಿನವರೆಗೆ ಹೋದವಳು. ಗುಂಡಿ ಒತ್ತಲಿಕ್ಕೆ ಅಷ್ಟು ಸಾಕು.

ಇನ್ನು ತಪ್ಪು. ತಪ್ಪು ನನ್ನದು.

ಆಯುಧ ಪೂಜೆಯ ದಿನ ಬೆಳಿಗ್ಗೆ ಅವರಿಗೆ ಗಂಜಿ ಕುಡಿಸಿ, ಮನೆಯ ಎಲ್ಲ ಯಂತ್ರಗಳನ್ನು ಒರೆಸಿದೆ. ಮಿಕ್ಸಿ, ಹೊಲಿಗೆ ಮಿಶಿನು, ತೆಂಗಿನಕಾಯಿ ತುರಿಯುವ ಮಣೆ, ಕತ್ತಿ. ಗೇಮ್ ಪೆಟ್ಟಿಗೆಯನ್ನೂ ವೈಫೈ ಡಬ್ಬಿಯನ್ನೂ ಬಿಡಲಿಲ್ಲ. ನನ್ನ ಗಂಡನಿಗೆ ಅನ್ನ ಕೊಡುವುದು ಅವೆರಡು, ಅವಕ್ಕೆ ಪೂಜೆ ಇಲ್ಲದೆ ಮಿಕ್ಸಿಗೆ ಮಾಡುವುದಾ? ಎಲ್ಲವನ್ನೂ ದೇವರ ಕೋಣೆಯಲ್ಲಿ ಸಾಲಾಗಿ ಇಟ್ಟು, ಗಂಧ ಹಚ್ಚಿ, ಶಂಕರಪುರದ ಮಲ್ಲಿಗೆ ಮುಡಿಸಿದೆ. ಪೂಜೆಗೆ ಇಟ್ಟದ್ದನ್ನು ಮರುದಿನ ಆರತಿ ಆಗುವವರೆಗೆ ಎತ್ತುವ ಕ್ರಮ ಇಲ್ಲ.

ಮಧ್ಯಾಹ್ನ ಅವರು ಬಾಯಿ ತೆರೆಯಲಿಲ್ಲ. ಒಂದು ಹೊತ್ತು ಅಲ್ವಾ ಎಂದುಕೊಂಡೆ. ಸಂಜೆಯೂ ತೆರೆಯಲಿಲ್ಲ.

"ಅಮ್ಮ, ಸಾಕು. ಪೆಟ್ಟಿಗೆ ಎತ್ತಿ ಮೇಲೆ ಇಡುವ" ಎಂದಳು ಮಗಳು.

"ನಾಳೆ ಆರತಿ ಆಗ್ಲಿ."

"ಅಪ್ಪ ಉಪವಾಸ ಇದ್ದಾರೆ."

"ನಾನೂ ಉಪವಾಸ ಇದ್ದೇನೆ. ಒಂದು ದಿನಕ್ಕೆ ಯಾರೂ ಸಾಯುದಿಲ್ಲ."

ಹೀಗೆ ಹೇಳಿದ್ದು ನಾನೇ. ಮುಚ್ಚಿಟ್ಟು ಏನು ಪ್ರಯೋಜನ?

ಮರುದಿನ ಬೆಳಿಗ್ಗೆ ಆರತಿ ಮುಗಿಸಿ ಎಲ್ಲವನ್ನೂ ಅದರದರ ಜಾಗದಲ್ಲಿಟ್ಟು ಸ್ವಿಚ್ ಹಾಕಿದೆವು. ವೈಫೈ ಡಬ್ಬಿಯ ಹಿಂದೆ ಒಂದು ಸಣ್ಣ ತೂತು ಉಂಟು. ಅದರೊಳಗೆ ಗಂಧ ಇಳಿದು ಒಣಗಿತ್ತು. ಹಾಳಾದೀತು ಎಂದು ಅಂಗಳ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿ ಮುರಿದು, ಚೆನ್ನಾಗಿ ಒತ್ತಿ ಒತ್ತಿ ಕೆರೆದು ತೆಗೆದೆ. ಒಳಗೆ ಏನೋ ಟಕ್ ಎಂದಿತು. ದೀಪಗಳೆಲ್ಲ ಒಮ್ಮೆಲೇ ಆರಿ ಮತ್ತೆ ಹೊತ್ತಿದವು. ಶುದ್ಧವಾಯಿತು ಎಂದುಕೊಂಡೆ.

ಗಂಜಿ ಬಿಸಿ ಮಾಡಿ ಟಿವಿಯ ಗುಂಡಿ ಒತ್ತಿದರೆ ಪೆಟ್ಟಿಗೆಯ ಚಿತ್ರವೇ ಇಲ್ಲ. ಇಂಗ್ಲಿಷಿನಲ್ಲಿ ಒಂದು ಸಾಲು ಬರಹ. ಮೇಲೆ ಪೆಟ್ಟಿಗೆ ಸರಿ ಇದೆ, ಕೆಳಗೆ ಟಿವಿ ಸರಿ ಇದೆ, ಒಂದಕ್ಕೊಂದು ಗುರುತಿಲ್ಲ. ಮೊಮ್ಮಗಳು ರಜೆಯಲ್ಲಿ ಕಾರ್ಕಳಕ್ಕೆ, ಗೆಳತಿಯ ಮನೆಗೆ ಹೋಗಿದ್ದಳು. ಮಗಳು ಅವಳಿಗೆ ಫೋನ್ ಮಾಡಿ ನನ್ನ ಕಿವಿಗೆ ಹಿಡಿದಳು.

"ಅಜ್ಜಿ, ನೀವು ಎಂತ ಮಾಡಿದ್ರಿ?"

"ಎಂತ ಮಾಡ್ಲಿಲ್ಲ. ಪೂಜೆ ಮಾಡಿದೆ."

"ಪೂಜೆಗೆ ಹಾಗಾಗುದಿಲ್ಲ. ಎಂತಾದ್ರೂ ಒತ್ತಿದ್ರಾ?"

"ತೂತಿನಲ್ಲಿ ಗಂಧ ಕೂತಿತ್ತು, ತೆಗೆದೆ."

"ಯಾವುದ್ರಲ್ಲಿ?"

"ಹಿಡಿಸೂಡಿ ಕಡ್ಡಿಯಲ್ಲಿ."

"ಅಯ್ಯೋ ಅಜ್ಜಿ, ಆ ತೂತು ಒತ್ತಿದ್ರೆ ಡಬ್ಬಿ ಎಲ್ಲ ಮರೆತುಬಿಡ್ತದೆ. ಹೆಸರು, ಪಾಸ್‌ವರ್ಡ್, ಎಲ್ಲ."

"ಮರೀಲಿಕ್ಕೆ ಯಾರಾದ್ರೂ ತೂತು ಇಡ್ತಾರಾ ಮಾರಾಯ್ತಿ?"

"ಇಡ್ತಾರೆ. ಕಡ್ಡಿ ಹಾಕುವ ಅಜ್ಜಿ ಇರ್ತಾರೆ ಅಂತ ಅವರಿಗೆ ಗೊತ್ತಿರ್ಲಿಲ್ಲ."

ಬೇರೆ ದಿನವಾದರೆ ಬೈಯುತ್ತಿದ್ದೆ. ಅವಳು ಫೋನಿನಲ್ಲೇ ಹೇಳಿಕೊಟ್ಟಳು, ಮಗಳು ಮೊಬೈಲಿನಲ್ಲಿ ಒತ್ತಿದಳು. ಅದು ಏನೋ ಕೇಳಿತು, ಇವಳು ಏನೋ ಕೊಟ್ಟಳು, ಅದು ಬೇಡ ಎಂದಿತು. ಒಂದು ಗಂಟೆ ಹೀಗೇ ಹೋಯಿತು. ಕೊನೆಗೆ ಮೊಮ್ಮಗಳು, "ಬಿಡಿ, ನಾನೇ ಬರ್ತೇನೆ" ಎಂದಳು.

ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮೂರು ಹೊತ್ತಿನ ಊಟ ತಪ್ಪಿ ನಾಲ್ಕನೆಯದು ಬಂದಿತ್ತು. ನೀರೂ ಹೋಗಿರಲಿಲ್ಲ. ಬಟ್ಟೆ ಅದ್ದಿ ತುಟಿ ಒರೆಸಿದರೆ ನಾಲಗೆಯನ್ನೂ ಹೊರಗೆ ಹಾಕಲಿಲ್ಲ. ಟಿವಿಯಲ್ಲಿ ಬೇರೆ ಏನೇನೋ ಹಾಕಿದೆ. ಯಾರದ್ದೋ ಮೀನುಗಾರಿಕೆ, ಯಾರದ್ದೋ ದೋಣಿ. ಅವರು ಗೋಡೆ ನೋಡಿದರು. ನಾನೇ ಮಂಚದ ಬುಡದಲ್ಲಿ ನಿಂತು, ಸೆರಗನ್ನು ಹಗ್ಗದ ಹಾಗೆ ಹಿಡಿದು "ಐಲೇಸಾ" ಎಂದು ಕೂಗಿದೆ. ಪಕ್ಕದ ಮನೆಯವಳು ಕಿಟಕಿಗೆ ಬಂದಳು. ಇವರು ಹುಚ್ಚಿಯನ್ನು ನೋಡುವ ಹಾಗೆ ನನ್ನನ್ನು ನೋಡಿ ಕಣ್ಣು ಮುಚ್ಚಿದರು. ಬಾಯಿಯನ್ನು ಬೆರಳಿನಿಂದ ಬಿಡಿಸಲು ಹೋದೆ. ಕಚ್ಚಿದರು. ಸಿಟ್ಟಿನಲ್ಲಿ ಅವರ ಕೆನ್ನೆಗೆ ಒಂದು ಕೊಟ್ಟೆ. ಜೋರಾಗಿ ಅಲ್ಲ. ಆದರೂ ಕೊಟ್ಟದ್ದು ಕೊಟ್ಟದ್ದೇ.

ಮಗಳು ಆಸ್ಪತ್ರೆಗೆ ಫೋನ್ ಮಾಡಿದಳು. ಈ ಪ್ರಾಯದಲ್ಲಿ ನೀರಿಲ್ಲದೆ ಇಷ್ಟು ಹೊತ್ತು ಬಿಡಬಾರದು, ಸಂಜೆಯ ಒಳಗೆ ತನ್ನಿ, ನಳಿಗೆ ಹಾಕುವ ಎಂದರಂತೆ. ಐದು ಗಂಟೆಗೆ ಆಂಬುಲೆನ್ಸ್ ಹೇಳಿದಳು.

"ಕೈ ಕಟ್ತಾರಾ ಅಂತ ಕೇಳಿದ್ಯಾ?"

"ಕೇಳ್ಲಿಲ್ಲ ಅಮ್ಮ."

"ಯಾಕೆ?"

"ಕಟ್ತಾರೆ ಅಂತ ಗೊತ್ತುಂಟಲ್ಲ."

ಅವಳು ಅವರ ಬಟ್ಟೆಯ ಚೀಲ ತುಂಬಿಸಿದಳು. ನಾನು ಅವರ ಎಡಗೈ ಹಿಡಿದು ಕುಳಿತೆ. ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ, ಆ ಕಡ್ಡಿ ಮಾತ್ರ. ಆ ಹಿಡಿಸೂಡಿಯನ್ನು ನಾನೇ ಕಟ್ಟಿದ್ದು.

ಹಬ್ಬದ ದಿನ ಬಸ್ಸು ಕಡಿಮೆ. ಬೆಳ್ಮಣ್ಣಿನಲ್ಲಿ ಇಳಿದು ಒಂದು ಗಂಟೆ ಕಾದು, ಶಿರ್ವದ ದಾರಿಯಾಗಿ ಮೊಮ್ಮಗಳು ಮನೆ ಮುಟ್ಟುವಾಗ ನಾಲ್ಕೂಕಾಲು. ಚಪ್ಪಲಿಯನ್ನೂ ತೆಗೆಯದೆ ವೈಫೈ ಡಬ್ಬಿಯ ಎದುರು ಕುಕ್ಕರುಗಾಲಿನಲ್ಲಿ ಕುಳಿತಳು. ಬೇರೆ ದಿನವಾದರೆ ಚಪ್ಪಲಿಗೂ ಬೈಯುತ್ತಿದ್ದೆ.

"ಡಬ್ಬಿಗೆ ಹೊಸ ಹೆಸರು ಕೊಟ್ರೆ ಪೆಟ್ಟಿಗೆಗೂ ಟಿವಿಗೂ ಬೇರೆ ಬೇರೆ ಕಲಿಸ್ಬೇಕು. ಇದ್ದ ಹಳೇ ಹೆಸರು, ಹಳೇ ಪಾಸ್‌ವರ್ಡೇ ಕೊಟ್ರೆ ಅವು ತಾವಾಗಿ ಬಂದು ಸೇರ್ತವೆ" ಎಂದಳು.

"ನಿನಗೆ ನೆನಪುಂಟಾ?"

"ಒಂದು ಅಕ್ಷರ ದೊಡ್ಡದು. ಯಾವುದು ಅಂತ ಗೊತ್ತಿಲ್ಲ."

ಒಂದು ಸಲ ಹಾಕಿದಳು, ಟಿವಿ ಗುರುತು ಹಿಡಿಯಲಿಲ್ಲ. ಅಕ್ಷರ ಬದಲಿಸಿ ಇನ್ನೊಂದು ಸಲ. ಇಲ್ಲ. ನಾಲ್ಕೂವರೆ ಆಯಿತು. ಎದ್ದು ಅಡುಗೆಮನೆಗೆ ಹೋದೆ. ನಾನು ನಿಂತು ನೋಡಿದರೆ ಅವಳಿಗೆ ತಪ್ಪುತ್ತದೆ. ಗಂಜಿಯನ್ನು ಮತ್ತೆ ಬಿಸಿ ಮಾಡಿದೆ. ಆ ದಿನ ಅದನ್ನು ಎಷ್ಟನೆಯ ಸಲ ಬಿಸಿ ಮಾಡಿದ್ದೋ.

"ಅಜ್ಜೀ!"

ಓಡಿ ಬಂದರೆ ಟಿವಿಯಲ್ಲಿ ಕಡಲು. ಬಟ್ಟಲು ಹಿಡಿದು ಮಂಚದ ಬದಿಗೆ ಕುಳಿತೆ. ಇವರ ಕಣ್ಣು ಮುಚ್ಚಿತ್ತು. ಮೊದಲ ಕೂಗು ಬಂತು, ಕಣ್ಣು ತೆರೆಯಲಿಲ್ಲ. ಎರಡನೆಯದು ಬಂತು. ಮೂರನೆಯದು. ತಡವಾಯಿತು, ಕೊಂದೆ ಎಂದುಕೊಂಡೆ. ಮೊಮ್ಮಗಳು ಸ್ವರ ಜಾಸ್ತಿ ಮಾಡಿದಳು. ಏಳನೆಯದಕ್ಕೋ ಎಂಟನೆಯದಕ್ಕೋ ಅವರ ತುಟಿ ಸ್ವಲ್ಪ ಬಿಟ್ಟಿತು. ನಾನು ಟಿವಿ ನೋಡುತ್ತಾ ಕುಳಿತು ತಡ ಮಾಡಿದೆ, ಬಾಯಿ ಮುಚ್ಚಿಹೋಯಿತು.

"ಅಮ್ಮ, ಇಲ್ಲಿ ನೋಡಿ, ಟಿವಿ ಅಲ್ಲ!" ಮಗಳು ಕಿರುಚಿದಳು.

ಮುಂದಿನ ಎಳೆತಕ್ಕೆ ಅರ್ಧ ಚಮಚ ಗಂಜಿ ತಿಳಿ ಹಾಕಿದೆ. ಬಾಯಿಯಲ್ಲೇ ನಿಂತಿತು. ಗಂಟಲು ನೋಡುತ್ತಾ ಕುಳಿತೆವು ಮೂವರೂ. ಮೇಲೆ ಹೋಯಿತು, ಕೆಳಗೆ ಬಂತು. ನುಂಗಿದರು.

ವಿಡಿಯೋ ಮುಗಿಯಿತು, ಮತ್ತೆ ಹಾಕಿದಳು. ಮುಗಿಯಿತು, ಮತ್ತೆ. ಹದಿನಾರು ಚಮಚ ಹೋಯಿತು, ಎಲ್ಲ ಅರ್ಧರ್ಧ. ಅರ್ಧ ಲೋಟ ನೀರು. ಆಮೇಲೆ ಬಾಯಿಯಲ್ಲಿ ಗಂಜಿ ಇಟ್ಟುಕೊಂಡೇ ನಿದ್ದೆ ಹೋದರು. ಬೆರಳು ಹಾಕಿ ತೆಗೆದೆ. ಕಚ್ಚಲಿಲ್ಲ.

ಆಂಬುಲೆನ್ಸ್ ಅಂಗಳಕ್ಕೆ ಬಂದು ನಿಂತಿತ್ತು. ಮಗಳು ಚೀಲ ಹಿಡಿದು ಬಾಗಿಲಿನಲ್ಲಿ ನಿಂತು ನನ್ನ ಮುಖ ನೋಡಿದಳು.

"ಅಷ್ಟು ಸಾಕಾಗ್ತದಾ ಅಮ್ಮ?"

"ಸಾಕಾಗುದಿಲ್ಲ."

"ಮತ್ತೆ?"

"ಏಳು ಗಂಟೆಗೆ ಪುನಃ ಕೊಡುವ. ಈಗ ಗಾಡಿಯವನಿಗೆ ಹೋಗ್ಲಿಕ್ಕೆ ಹೇಳು."

ಅವಳು ಅಲ್ಲಾಡಲಿಲ್ಲ. ಏಳು ಗಂಟೆಗೂ ತೆಗೆದುಕೊಳ್ಳದಿದ್ದರೆ ಎಂದು ಅವಳು ಕೇಳುವ ಮೊದಲೇ ನಾನೇ ಎದ್ದು ಅಂಗಳಕ್ಕೆ ಹೋಗಿ, ಇವತ್ತಿಗೆ ಬೇಡ ಎಂದು ಹೇಳಿ ಬಂದೆ.