ಹಲ್ಲಿಯ ಅಂತ್ಯಸಂಸ್ಕಾರ

ಖಾಲಿಯಾದ ಸೀಮೆಸುಣ್ಣದ ಪೆಟ್ಟಿಗೆಯನ್ನು ಬಿಸಾಡುವ ಟೀಚರನ್ನು ನಾನಂತೂ ಕಂಡಿಲ್ಲ. ಕಳಚಿದ ಗುಂಡಿ, ಪಿನ್ನು, ಮಕ್ಕಳಿಂದ ಕಿತ್ತುಕೊಂಡ ಗೋಲಿ, ಯಾರದೋ ಉದುರಿದ ಹಾಲುಹಲ್ಲು, ಎಲ್ಲಕ್ಕೂ ಅದರಲ್ಲಿ ಜಾಗವಿರುತ್ತದೆ. ಆದರೆ ಅದು ಶವಪೆಟ್ಟಿಗೆಯೂ ಆದೀತೆಂದು, ಅದರ ಹಿಂದೆ ಒಂದು ಶಾಲೆಗೆ ಶಾಲೆಯೇ ತಲೆ ತಗ್ಗಿಸಿ ನಡೆದೀತೆಂದು ಯಾರಾದರೂ ಹೇಳಿದ್ದರೆ, ಗೆಳೆಯರೇ, ನಿಮಗೆ ತಲೆ ಸರಿ ಉಂಟಾ ಎಂದು ಕೇಳಿಬಿಡುತ್ತಿದ್ದೆ. ನನ್ನ ನಾಲಗೆ ಸ್ವಲ್ಪ ಚುರುಕು.

ಗಡಿನಾಡಿನ ಸೀತಾಂಗೋಳಿ ಪೇಟೆಯಿಂದ ಒಳಗೆ ಕನ್ಯಾಸ್ತ್ರೀಯರು ನಡೆಸುವ ಪುಟ್ಟ ಕನ್ನಡ ಶಾಲೆ ನಮ್ಮದು. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಐರಿನ್. ಎರಡನೇ ತರಗತಿಗೆ ನಾನು. ನನ್ನ ತರಗತಿಯ ಧನ್ಯಾಳನ್ನು ಎತ್ತಿ ಆಡಿಸಿ ಸಾಕಿದ ಅಜ್ಜಿ, ಈ ಸಲ ಶಾಲೆ ತೆರೆಯುವ ಮೊದಲೇ ತೀರಿಕೊಂಡಿದ್ದರು. ಮನೆಯವರು ಹುಡುಗಿಯನ್ನು ಶಿರಿಯದ ನೆಂಟರ ಮನೆಗೆ ಸಾಗಿಸಿ, ಎಲ್ಲ ಮುಗಿದ ಮೇಲೆ ಕರೆತಂದು, ಅಜ್ಜಿ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾರೆ ಎಂದಿದ್ದರು. "ನೀವೂ ಹಾಗೇ ಹೇಳಿ ಟೀಚರ್, ಸಣ್ಣ ಮಗು ಅಲ್ವಾ" ಎಂದು ಅವಳ ಅಮ್ಮ ಕಣ್ಣೊರೆಸಿಕೊಂಡಾಗ ನಾನು ಹೂಂ ಎಂದೆ.

ಸುಳ್ಳು ಇಟ್ಟಲ್ಲೇ ಇರುವ ಜಾತಿಯದ್ದಲ್ಲ. ಮೊದಲ ವಾರ ನಾನು ಅಜ್ಜಿಗೆ ಗ್ಲೂಕೋಸ್ ಹಾಕಿಸಿದೆ. ಮಧ್ಯಾಹ್ನದ ಅಡುಗೆಯ ಯಮುನಕ್ಕ ಕಿಟಕಿ ಪಕ್ಕದ ಮಂಚ ಕೊಡಿಸಿದರು. ಆಮೇಲೆ ಅಜ್ಜಿ ಗಂಜಿ ಕುಡಿದರು, ಎದ್ದು ಕೂತರು, ಗೋಡೆ ಹಿಡಿದು ನಡೆದರು, ನರ್ಸಿನೊಂದಿಗೆ ಒಂದು ಜಗಳವನ್ನೂ ಆಡಿ ಮುಗಿಸಿದರು. ತೀರಿಕೊಂಡ ಮೇಲೆ ಇಷ್ಟು ಚೆನ್ನಾಗಿ ಚೇತರಿಸಿಕೊಂಡವರು ವೈದ್ಯಶಾಸ್ತ್ರದಲ್ಲೇ ಇರಲಿಕ್ಕಿಲ್ಲ. ಧನ್ಯಾ ಎಲ್ಲಕ್ಕೂ "ಹೌದಾ ಟೀಚರ್" ಎನ್ನುತ್ತಿದ್ದಳು. ಅಳುತ್ತಿರಲಿಲ್ಲ, ಆಡುತ್ತಿರಲಿಲ್ಲ, ತಟ್ಟೆಯ ಅನ್ನ ಅರ್ಧಕ್ಕೇ ಬಿಡುತ್ತಿದ್ದಳು. ದಿನೇ ದಿನೇ ಅಜ್ಜಿ ಗುಣವಾಗುತ್ತಾ ಬಂದರು, ಹುಡುಗಿ ಸೊರಗುತ್ತಾ ಹೋದಳು.

ಸಿಸ್ಟರ್ ಮಾತ್ರ ಈ ಸುಳ್ಳಿಗೆ ಕೈಜೋಡಿಸಲಿಲ್ಲ. ಮನೆಯವರ ಮಾತನ್ನು ಮುರಿಯಲೂ ಇಲ್ಲ. ಬಿಡುವಿನ ಹೊತ್ತಿಗೆ ಬಂದು, ಎರಡನೇ ತರಗತಿಯ ಗಿಡ್ಡ ಬೆಂಚಿನ ಮೇಲೆ ತಮ್ಮ ಭಾರೀ ದೇಹವನ್ನು ಕಷ್ಟಪಟ್ಟು ಇಳಿಸಿ, ಅವಳ ಪಕ್ಕ ಸುಮ್ಮನೆ ಕೂತಿರುತ್ತಿದ್ದರು. "ಎಂತ ಸಿಸ್ಟರ್, ಏನಾದರೂ ಸಮಾಧಾನ ಹೇಳಬಾರದಾ?" ಎಂದು ನಾನು ರೇಗಿದ್ದುಂಟು. "ಯೇಸುಸ್ವಾಮಿ ಮಕ್ಕಳನ್ನು ಹತ್ತಿರ ಕರೆದದ್ದು ಬಾಯಿ ಮುಚ್ಚಿಸ್ಲಿಕ್ಕೆ ಅಲ್ಲ ಟೀಚರ್. ನಾನು ಹತ್ತಿರ ಇದ್ದೇನೆ, ಅಷ್ಟೆ" ಎಂದರು. ನನಗೆ ಅದು ಸೋಮಾರಿತನದ ಹಾಗೆ ಕಂಡಿತು. ನೊಂದವರ ಎದುರು ನಾವು ಬಡಬಡ ಮಾತಾಡುವುದು ಅವರ ನೋವು ಕಡಿಮೆಯಾಗಲೆಂದೋ, ನಮ್ಮ ಇರುಸುಮುರುಸು ಮುಗಿಯಲೆಂದೋ ಎಂಬ ಪ್ರಶ್ನೆ ಆಗ ನನ್ನ ತಲೆಗೆ ಹೊಳೆದಿರಲಿಲ್ಲ.

ಹೀಗಿರುವಾಗ ಒಂದು ದಿನ, ಮಳೆಗೆ ಉಬ್ಬಿದ ತರಗತಿಯ ಬಾಗಿಲನ್ನು ನಾನು ಒದ್ದು ಮುಚ್ಚಿದ ರಭಸಕ್ಕೆ ಸಂದಿಯಲ್ಲಿದ್ದ ಹಲ್ಲಿ ಅಪ್ಪಚ್ಚಿಯಾಯಿತು. ಗುಡಿಸಿ ಹಾಕೋಣವೆಂದು ಹಿಡಿಸೂಡಿ ತಂದೆ.

"ಬಿಸಾಡ್ಬೇಡಿ ಟೀಚರ್" ಎಂದಳು ಧನ್ಯಾ. ಶಾಲೆ ತೆರೆದ ಮೇಲೆ ಅವಳಾಗಿಯೇ ಆಡಿದ ಮೊದಲ ಮಾತು. "ಸತ್ತವರನ್ನು ಸರಿಯಾಗಿ ಕಳಿಸ್ಬೇಕು."

ಅಂದೇ ಶಾಲಾ ಪರಿಶೀಲನೆಗೆ ಉಪಜಿಲ್ಲೆಯ ಅಧಿಕಾರಿ ಬರುವವರಿದ್ದರು, ನನ್ನ ಪಾಠಗಳೋ ಅರ್ಧಂಬರ್ಧ. ಆದರೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಸಿಸ್ಟರ್, "ಆಯ್ತು, ಸರಿಯಾಗಿಯೇ ಕಳಿಸುವ" ಎಂದುಬಿಟ್ಟರು.

ಸುಡಬೇಕೆಂದು ಒಬ್ಬ ಹುಡುಗ, ಹೂಳಬೇಕೆಂದು ಇನ್ನೊಬ್ಬ, ಮೊದಲು ಮೀಯಿಸಿ ಬಿಳಿ ಬಟ್ಟೆ ಸುತ್ತಬೇಕೆಂದು ರಿಜ್ವಾನಾ. ಸಿಸ್ಟರ್ ಎಲ್ಲರ ವಾದವನ್ನೂ ಬಿಷಪ್ಪರ ಸಭೆಯಲ್ಲಿ ಕೂತಷ್ಟು ಗಂಭೀರವಾಗಿ ಆಲಿಸಿದರು. ಕೊನೆಗೆ ಹಲ್ಲಿಗೆ ಸ್ನಾನವಾಯಿತು, ನನ್ನ ಹೊಸ ಕರ್ಚೀಫಿನ ಹೊದಿಕೆಯಾಯಿತು. ಸೀಮೆಸುಣ್ಣದ ಪೆಟ್ಟಿಗೆಯಲ್ಲಿ ಕೇಪಳದ ಹೂಗಳ ನಡುವೆ ಅದು ಮಲಗಿತು. ಪೆಟ್ಟಿಗೆ ಹೊತ್ತವಳು ಧನ್ಯಾ. ಶಾಲೆಯ ಗಂಟೆ ನಿಧಾನವಾಗಿ ಮೊಳಗಿತು. ಊಟದ ಗಂಟೆಯೆಂದು ಹೊರಬಿದ್ದ ಮೂರನೇ ತರಗತಿಯವರು ತಟ್ಟೆ ಹಿಡಿದುಕೊಂಡೇ ಮೆರವಣಿಗೆ ಸೇರಿದರು.

ಅಷ್ಟರಲ್ಲಿ ಅಧಿಕಾರಿಗಳ ಜೀಪು ಬಂತು. ಅವರು ತಲೆ ತಗ್ಗಿಸಿದ ಮಕ್ಕಳನ್ನು ಕಂಡವರೇ ಚಪ್ಪಲಿ ಕಳಚಿಟ್ಟು ನನ್ನ ಪಕ್ಕ ಬಂದು ನಿಂತು ಪಿಸುಗುಟ್ಟಿದರು. "ಟೀಚರೇ, ಯಾರು ಹೋದದ್ದು?"

"ಹಲ್ಲಿ, ಸರ್."

ಅವರು ನನ್ನನ್ನು ನೋಡಿದರು, ಸಿಸ್ಟರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ಪ್ರಾಯ ಆಗಿತ್ತಾ?" ಎಂದರು. ಸರದಿ ಬಂದಾಗ ಪಪ್ಪಾಯಿ ಮರದ ಬುಡದ ಗುಂಡಿಗೆ ತಾವೂ ಒಂದು ಹಿಡಿ ಮಣ್ಣು ಹಾಕಿದರು.

ಎಲ್ಲರೂ ಊಟಕ್ಕೆ ಹೋದ ಮೇಲೂ ಧನ್ಯಾ ಅಲ್ಲೇ ನಿಂತಿದ್ದಳು, ಪಕ್ಕದಲ್ಲಿ ಸಿಸ್ಟರ್. ಮಳೆ ಹನಿಯತೊಡಗಿದ್ದರಿಂದ ನಾನು ಹಿಂದಿನಿಂದ ಹೋಗಿ ಇಬ್ಬರಿಗೂ ಕೊಡೆ ಹಿಡಿದೆ. ಹಿಡಿದವರು ಯಾರೆಂದು ಅವಳು ತಿರುಗಿ ನೋಡಲಿಲ್ಲ.

"ಸಿಸ್ಟರ್, ಅಜ್ಜಿಗೂ ಹೂ ಇಟ್ಟಿದ್ರಾ?"

ಸಿಸ್ಟರ್ ಅವಳ ಕಡೆಗೆ ಬಾಗಿದರು. "ಇಟ್ಟಿದ್ರು ಮಗಾ. ನಾನು ಹೋಗಿದ್ದೆ. ತುಂಬ ಹೂ ಇತ್ತು."

ಹುಡುಗಿ ತಲೆಯಾಡಿಸಿದಳು. "ನಂಗೆ ಗೊತ್ತುಂಟು ಅಂತ ಅಮ್ಮನಿಗೆ ಹೇಳ್ಬೇಡಿ, ಅಮ್ಮ ಅಳ್ತಾರೆ. ಟೀಚರಿಗೂ ಹೇಳ್ಬೇಡಿ. ಪಾಪ, ಅವ್ರು ದಿನಾ ಎಷ್ಟು ಕಷ್ಟಪಟ್ಟು ಹೇಳ್ತಾರೆ."

ಇಷ್ಟು ದಿನ ನಾವೆಲ್ಲ ಅವಳನ್ನು ಸಂತೈಸುತ್ತಿದ್ದೇವೆಂದು ತಿಳಿದಿದ್ದೆವು. ಏಳು ವರ್ಷದ ಆ ಹುಡುಗಿ ತನ್ನ ಅಳುವನ್ನು ನುಂಗಿಕೊಂಡು ನಮ್ಮನ್ನೆಲ್ಲ ಸಂತೈಸುತ್ತಿದ್ದಳು. ಸಿಸ್ಟರ್ ಬಿಳಿಯ ಉಡುಪಿನಲ್ಲಿ ಕೆಸರಿನ ಮೇಲೆಯೇ ಕೂತು ಎರಡೂ ತೋಳು ಚಾಚಿದರು. ಆಗ ಧನ್ಯಾ ಅತ್ತಳು, ಬಾಯಿ ತೆರೆದು, ಸ್ಟಾಫ್ ರೂಮಿನವರೆಗೂ ಕೇಳುವಂತೆ. ಕೊಡೆಯನ್ನು ಅವರಿಬ್ಬರ ಕಡೆಗೆ ಇನ್ನಷ್ಟು ಸರಿಸಿ, ನಾನು ಮಳೆಯಲ್ಲಿ ನಿಂತೆ.