ತತ್ತಿಯಾದ ವೃತ್ತಗಳು

ಸುಲೋಚನಾ ಅಕ್ಕೋರು ಪುಸ್ತಕದ ಇಪ್ಪತ್ತೆರಡನೇ ಪುಟ ತೆರೆದರು. ಅಚ್ಚಾದ ವೃತ್ತದ ನಡುವಿನ ಚುಕ್ಕೆಯ ಮೇಲೆ ಕೈವಾರದ ಮೊನೆ ಇಟ್ಟು ಪೆನ್ಸಿಲ್ ತಿರುಗಿಸಿದರು. ಅವರ ಗೆರೆ ಒಂದು ದಾರಿ ಹಿಡಿಯಿತು, ಅಚ್ಚಿನ ಗೆರೆ ಇನ್ನೊಂದು.

"ತಮ್ಮಾ, ನನ್ನ ಕಣ್ಣು ಮಂಜಾಗ್ಯಾವ. ನೀನ ನೋಡಿ ಹೇಳು. ಇದು ವರ್ತುಳ ಏನು?"

ಏನು ಹೇಳಲಿ? ಅದು ವೃತ್ತವಲ್ಲ, ತತ್ತಿ. ನೆಟ್ಟಗೆ ನಿಂತ ತತ್ತಿ. ಐನೂರು ಪ್ರತಿಗಳಲ್ಲೂ ಹಾಗೇ. ಹಾಗೆ ಮಾಡಿದವನು ನಾನೇ.

ಅಕ್ಕೋರು ಖಾನಾಪುರದಲ್ಲಿ ನಮಗೆ ಗಣಿತ ಕಲಿಸಿದವರು. ನಮ್ಮ ಕ್ಲಾಸಿನ ಅರ್ಧ ಮಕ್ಕಳ ಮನೆಮಾತು ಮರಾಠಿ. ಪ್ರಮೇಯದ ಕನ್ನಡ ಕಿವಿಗೆ ಬಿದ್ದರೂ ತಲೆಗೆ ಇಳಿಯುತ್ತಿರಲಿಲ್ಲ. (ಮನೆಮಾತು ಕನ್ನಡವಾಗಿದ್ದ ನನಗೂ ಇಳಿಯುತ್ತಿರಲಿಲ್ಲ, ಆ ಮಾತು ಬೇರೆ.) ಆಗ ಅಕ್ಕೋರು ಬೋರ್ಡಿನ ತುಂಬ ಚಿತ್ರ ಬರೆದು, "ಮಾತು ತಿಳೀಲಿಲ್ಲಂದ್ರ ಇದನ್ನ ನೋಡ್ರಿ" ಅನ್ನುತ್ತಿದ್ದರು. ನೋಡಿದರೆ ತಿಳಿಯುತ್ತಿತ್ತು.

ನಿವೃತ್ತಿಯ ನಂತರ ಅದನ್ನೇ ಪುಸ್ತಕ ಮಾಡಲು ಕುಳಿತರು. ಪುಟಕ್ಕೆ ನಾಲ್ಕು ಸಾಲು ಬರಹ, ಉಳಿದದ್ದೆಲ್ಲ ಚಿತ್ರ. ಅಷ್ಟರಲ್ಲಿ ಕಣ್ಣಿನ ಒತ್ತಡ ಹೆಚ್ಚಾಗಿ ದೃಷ್ಟಿ ಕುಂದತೊಡಗಿತು. ಹೋದದ್ದು ಮರಳುವುದಿಲ್ಲ, ಇದ್ದದ್ದು ಎಷ್ಟು ದಿನವೋ ಹೇಳಲಾಗದು ಎಂದರು ಡಾಕ್ಟರು. ಅಕ್ಕೋರು ಅವಸರದಲ್ಲಿ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟರು. ಯಾಕೆಂದರೆ ಶಿವಬಸವ ನಗರದ ನನ್ನ ಮನೆಯಲ್ಲಿ ಕಂಪ್ಯೂಟರ್ ಇತ್ತು. (ಮನೆಯಲ್ಲಿ ಕಂಪ್ಯೂಟರ್ ಇದ್ದವನಿಗೆ ಎಲ್ಲ ಗೊತ್ತು ಅಂತ ಜನ ನಂಬುತ್ತಾರೆ. ನಾನೂ ನಂಬಿದ್ದೆ.)

ಎರಡು ತಿಂಗಳು ಕೂತು ಟೈಪ್ ಮಾಡಿದೆ. ಮೌಸ್ ಹಿಡಿದು ವೃತ್ತ, ತ್ರಿಭುಜ, ಚೌಕ ಎಲ್ಲ ಎಳೆದೆ. ಫೈಲನ್ನು ಹುಬ್ಬಳ್ಳಿಯ ಪ್ರೆಸ್ಸಿಗೆ ಕಳಿಸಿದೆ. ಮಾಲಕರ ಫೋನ್ ಬಂತು.

"ಸರ, ನಿಮ್ಮ ಕನ್ನಡ ಫಾಂಟ್ ನಮ್ಮ ಕಡೆ ಇಲ್ರೀ. ಅಕ್ಷರ ಎಲ್ಲಾ ಗಜಿಬಿಜಿ ಆಗ್ಯಾವ. ಪಿಡಿಎಫ್ ಮಾಡಿ ಕಳಸ್ರಿ. ಅದು ಎಲ್ಲೇ ತೆಗೆದ್ರೂ ಇದ್ದಂಗ ಇರತೈತಿ."

ಪಿಡಿಎಫ್ ಮಾಡಿದೆ. ತೆರೆದು ನೋಡಿದರೆ ಅಕ್ಷರಗಳೆಲ್ಲ ಕ್ಷೇಮ. ಆದರೆ ವೃತ್ತಗಳು ತತ್ತಿಯಾಗಿದ್ದವು, ಚೌಕಗಳು ಬಾಗಿಲಿನಂತೆ ಉದ್ದವಾಗಿದ್ದವು.

ಏನೇನು ಮಾಡಲಿಲ್ಲ ಹೇಳಿ? ಕಾಗದದ ಅಳತೆ ಬದಲಿಸಿದೆ. ಗೆರೆಗಳನ್ನೆಲ್ಲ ಒಂದೇ ಗುಂಪಾಗಿ ಕಟ್ಟಿದೆ. ಬಿಚ್ಚಿದೆ. ಬಿಚ್ಚಿದಾಗ ತ್ರಿಭುಜದ ಮೂಲೆಯಲ್ಲಿದ್ದ ಅಕ್ಷರಗಳು ಎದ್ದು ಪುಟದ ತುದಿಗೆ ಹೋಗಿ ಕುಳಿತವು. ಕಂಪ್ಯೂಟರ್ ಆರಿಸಿ ಹಚ್ಚಿದೆ. ವೃತ್ತವನ್ನೇ ಮೊದಲೇ ಅಡ್ಡಡ್ಡ ಎಳೆದು ನೋಡಿದೆ, ಪಿಡಿಎಫ್‌ನಲ್ಲಾದರೂ ದುಂಡಗೆ ಬರಲಿ ಅಂತ. ಒಂದು ಪುಟದಲ್ಲಿ ಬಂತು, ಮುಂದಿನ ಪುಟದಲ್ಲಿ ಇನ್ನಷ್ಟು ಕೆಟ್ಟಿತು. ಎಂಟು ದಿನ ಹೀಗೇ ಹೋಯಿತು.

ಆಟೋ ನಗರದಲ್ಲಿ ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಮಾಡುವ ಗೆಳೆಯ ವಿಲಾಸನನ್ನು ಕೇಳಿದೆ.

"ಸ್ಕ್ರೀನ್ ನೋಡಿ ಏನೂ ಹೇಳಬ್ಯಾಡ ಮಾರಾಯಾ. ಒಂದ ಹಾಳಿ ಪ್ರಿಂಟ್ ತಗಿ, ಅಳತಿ ಪಟ್ಟಿ ಹಚ್ಚಿ ಅಳಿ. ಎಷ್ಟು ಫರಕ ಐತಿ ತಿಳೀತೈತಿ."

ನನ್ನ ಪ್ರಿಂಟರಿನಲ್ಲಿ ಶಾಯಿ ಮುಗಿದಿತ್ತು. ತರಬೇಕಿತ್ತು. ತರಲಿಲ್ಲ. ಬದಲಿಗೆ ಪ್ರೆಸ್ಸಿನ ಮಾಲಕರಿಗೆ ಫೋನ್ ಮಾಡಿದೆ.

"ಸ್ಕ್ರೀನ್ ಮ್ಯಾಲ ಹಂಗ ಕಾಣತಾವ್ರೀ. ಅಚ್ಚಿನ್ಯಾಗ ಸರಿ ಬರತಾವ" ಎಂದರು ಅವರು.

ನನಗೆ ಬೇಕಾಗಿದ್ದ ಮಾತು ಅದೇ. ಸಾಕಾಗಿ ಹೋಗಿತ್ತು. ಹೂಂ ಅಂದುಬಿಟ್ಟೆ. ಅಕ್ಕೋರು ಫೋನಿನಲ್ಲಿ, "ಚಿತ್ರ ಸರಿ ಬಂದಾವಲ್ಲೋ?" ಎಂದು ಕೇಳಿದಾಗಲೂ, "ಬಂದಾವ್ರೀ ಅಕ್ಕೋರ" ಅಂದೆ.

ಪುಸ್ತಕ ಬಂತು. ನಾನು ಮುಖಪುಟ ನೋಡಿ ಹಿಗ್ಗಿದೆ. ಅಕ್ಕೋರು ತಮ್ಮ ಹಳೇ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ ತಾವೇ ಹೋಗಿ ಹಂಚಿದರು. ಮೂರು ವಾರ ಕಳೆದ ಮೇಲೆ, ಭಾನುವಾರ ಬಂದು ಹೋಗು ಎಂದು ಕರೆದರು. ಹೋದರೆ ಈ ಕೈವಾರ.

"ನಿಮಗ ಹೆಂಗ ಗೊತ್ತಾತ್ರೀ?" ಎಂದೆ, ತಲೆ ತಗ್ಗಿಸಿ.

ಅಕ್ಕೋರ ಬಾಜು ಮನೆಯ ಸವಿತಾ ಅದೇ ಎಂಟನೇ ಕ್ಲಾಸು. ಅರ್ಧವೃತ್ತದೊಳಗಿನ ಕೋನ ತೊಂಬತ್ತು ಡಿಗ್ರಿ ಎಂದು ಪುಸ್ತಕದಲ್ಲಿತ್ತು. ಚಿತ್ರದ ಮೇಲೆ ಕೋನಮಾಪಕ ಇಟ್ಟು ಅಳೆದಳಂತೆ. ಎಂಬತ್ತನಾಲ್ಕು ಬಂತು. ಮತ್ತೆ ಅಳೆದಳು. ಮತ್ತೆ ಎಂಬತ್ತನಾಲ್ಕು. ಅಳುತ್ತ ಅಕ್ಕೋರ ಹತ್ತಿರ ಬಂದು, "ನನಗ ಅಳಿಯಾಕ ಬರೂದಿಲ್ಲ" ಅಂದಳಂತೆ.

"ಅಕ್ಕೋರ, ಮತ್ತೊಮ್ಮೆ ಅಚ್ಚು ಹಾಕಿಸೂಣ್ರೀ. ನೋಟ್‌ಬುಕ್ಕಿನ್ಯಾಗ ನೀವು ಕೈಲೆ ತಗದ ಚಿತ್ರಾನ ಇದ್ದಂಗ ಹಾಕಸೂಣು" ಎಂದೆ.

ಅಕ್ಕೋರು ಪುಸ್ತಕ ಮುಚ್ಚಿದರು. ಸಿಟ್ಟು ಮಾಡಲಿಲ್ಲ. ಬೈದಿದ್ದರೆ ನನಗಷ್ಟು ಹಗುರವಾಗುತ್ತಿತ್ತು.

"ಹಾಕಿಸಪಾ, ಬ್ಯಾಡ ಅನ್ನೂದಿಲ್ಲ. ಆದ್ರ ಅದು ಬರೂದ್ರಾಗ ನನಗ ಇಷ್ಟೂ ಕಾಣೂದಿಲ್ಲ. ಸರಿ ಆಗೇತಿ ಅಂತ ನೀ ಹೇಳ್ತಿ. ನಾ ಹೆಂಗ ನಂಬಲಿ?"

ಯಾವ ಗುಂಡಿ ಒತ್ತಿದ್ದರೆ ವೃತ್ತ ವೃತ್ತವಾಗಿಯೇ ಉಳಿಯುತ್ತಿತ್ತು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಹೊರಡುವ ಮುನ್ನ ಸವಿತಾಳ ಮನೆಗೆ ಹೋದೆ. ಅವಳ ಲೆಕ್ಕದ ವಹಿ ತೆರೆಸಿ, "ತಪ್ಪು ನಿಂದಲ್ಲವ್ವಾ, ಚಿತ್ರದ್ದು" ಅಂದೆ. ಅವಳು ನಂಬಲಿಲ್ಲ. ವಹಿಯಲ್ಲಿ ಎಂಬತ್ತನಾಲ್ಕನ್ನು ಕಾಗದ ಹರಿಯುವ ಹಾಗೆ ಉಜ್ಜಿ ಅಳಿಸಿದ್ದಳು. ಅದರ ಮೇಲೆ ದುಂಡಗೆ ತೊಂಬತ್ತು ಬರೆದಿದ್ದಳು. ಕೆಳಗೆ ಮಾಸ್ತರರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದರು.

ಸರಿಯಾಗಿ ಅಳೆದವಳೇ ತನ್ನ ಲೆಕ್ಕ ಅಳಿಸಿಕೊಂಡ ಮೇಲೆ, ಹೊಸ ಪುಸ್ತಕ ಅಚ್ಚು ಹಾಕಿಸಿ ನಾನು ಸರಿಪಡಿಸುವುದಾದರೂ ಏನನ್ನು?