ಬಾವಿಯ ಗಣಿಯಲ್ಲಿ ಕಾಕಾನ ಪಾಲು

ನಾನು ಪಾಠ ಹೇಳುವ ಬಸವಕಲ್ಯಾಣದ ಕಾಲೇಜಿನಲ್ಲಿ ಮೊನ್ನೆ ಅದಿರುಗಳ ಪಾಠಕ್ಕೆಂದು ತಂಬಾಕಿನ ಹಳೆಯ ಡಬ್ಬಿಯೊಂದನ್ನು ತೆರೆದೆ. ತಂಬಾಕೂ ತುಕ್ಕೂ ಬೆರೆತ ವಾಸನೆ... ಒಳಗಿನ ಕೆಂಪು ಹಕ್ಕಳೆಗಳನ್ನು ಕೊಟ್ಟವರು ನಮ್ಮ ನೆರೆಹೊಲದ ಕಾಕಾ.

ನಮ್ಮೂರು ದುಬಲಗುಂಡಿಯಲ್ಲಿ ಅವರಿಗೂ ನಮಗೂ ಒಂದೇ ಬಾವಿ, ಅರ್ಧರ್ಧ ಪಾಲು. ದಂಡೆಯ ಮೇಲೆ ಅವರ ಡೀಸೆಲ್ ಇಂಜಿನ್ ಇತ್ತು. ನಾನು ಹುಮನಾಬಾದಿಗೆ ಬಸ್ಸಿನಲ್ಲಿ ಹೋಗಿ ಓದುತ್ತಿದ್ದಾಗ, ಆ ನೀರಿನ ಮೇಲೆ ಬಣ್ಣಬಣ್ಣವಾಗಿ ಹೊಳೆಯುವ ಪೊರೆಯೊಂದು ಕಾಣಿಸಿಕೊಂಡಿತು. ಇಂಜಿನ್ ಸೋರಿ ನೀರು ಕೆಟ್ಟಿತೆಂದು ಅಪ್ಪ ಸಿಟ್ಟಾದರು.

“ನಿನ್ನ ಇಂಜಿನ್ ಇವತ್ತೇ ಎತ್ತು!”

ಎತ್ತಿದ್ದರೆ ಕಾಕಾನ ಉಳ್ಳಾಗಡ್ಡಿ ಬೆಳೆ ಒಣಗುತ್ತಿತ್ತು. ಆದರೂ ಅವರು ನಕ್ಕರು.

“ಅಣ್ಣಾ, ಇಷ್ಟು ಡೀಸೆಲ್ ಸೋರಿದ್ರ ನಾ ಬಾವಿ ನೀರೇ ಇಂಜಿನ್ನಿಗಿ ಹಾಕ್ತಿದ್ದೆ!” ಎಂದು ನನ್ನತ್ತ ತಿರುಗಿದರು. “ವಿಜ್ಞಾನ ಓದಾಕತ್ತೀದಿ. ನೀನೇ ಹೇಳವ್ವಾ.”

ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಪುಸ್ತಕದ ಮಾತು ಬಾವಿಯಲ್ಲಿ ಸುಳ್ಳಾದರೆ? ಬಾವಿಯ ಮೆಟ್ಟಿಲಿಳಿದು ತೊಗರಿಕಟ್ಟಿಗೆಯಿಂದ ಪೊರೆಯನ್ನು ಮೆಲ್ಲನೆ ಚುಚ್ಚಿದೆ. ಅದು ಹಪ್ಪಳದಂತೆ ಒಡೆದು ಚೂರುಚೂರಾಗಿ ತೇಲಿತು. ಕಾಕಾ ಉತ್ಸಾಹದಿಂದ ತಾಟಿನ ನೀರಿಗೆ ತಮ್ಮ ಡೀಸೆಲ್ ಹನಿಸಿ ಚುಚ್ಚಿದರು. ಅದು ಮರುಕ್ಷಣವೇ ಕೂಡಿಕೊಂಡಿತು.

ಇದು ಎಣ್ಣೆಯಲ್ಲ, ನೀರಿನಲ್ಲಿ ಕರಗಿದ ಕಬ್ಬಿಣವನ್ನು ತುಕ್ಕಾಗಿಸಿ ಬದುಕುವ ಸೂಕ್ಷ್ಮಜೀವಿಗಳ ಕೆಲಸ ಎಂದು ವಿವರಿಸಿದೆ. ಭೂಮಿಯ ಎಷ್ಟೋ ಕಬ್ಬಿಣದ ಅದಿರು ರೂಪುಗೊಳ್ಳುವುದರಲ್ಲಿಯೂ ಅತಿ ಪ್ರಾಚೀನ ಕಾಲದ ಇಂಥ ಜೀವಿಗಳ ಪಾತ್ರವಿದೆಯೆಂದೂ ಸೇರಿಸಿದೆ.

ಅಪ್ಪ ಬಾವಿಗೆ ಬಗ್ಗಿ ನೋಡಿದರು. “ಅಂದ್ರ ನಮ್ಮ ಬಾವ್ಯಾಗ ಗಣಿ ಕೆಲಸ ನಡ್ಯಾಕತ್ತದ?”

“ಹೌದಣ್ಣಾ. ಅದರಾಗೂ ಅರ್ಧಾ ಪಾಲು ನಂದು!”

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಇಂಜಿನ್ ಅಲ್ಲಿಯೇ ಉಳಿಯಿತು. ಅಂದಿನಿಂದ ನಾನು ಎದುರಾದಾಗಲೆಲ್ಲ ಕಾಕಾ, “ಏನವ್ವಾ, ನಮ್ಮ ಗಣಿ ಎಷ್ಟು ಬೆಳೀತು?” ಎಂದು ಗಂಭೀರವಾಗಿ ವಿಚಾರಿಸುತ್ತಿದ್ದರು. ನಾನೂ ಅಷ್ಟೇ ಗಂಭೀರವಾಗಿ, ಇನ್ನೂ ಕೆಲವು ಲಕ್ಷ ವರ್ಷ ಬೇಕೆನ್ನುತ್ತಿದ್ದೆ. “ಇರಲಿ, ನನಗೇನು ಗಡಿಬಿಡಿ ಇಲ್ಲ...” ಎನ್ನುತ್ತಿದ್ದರು ಕಾಕಾ.

ನಾನು ಪದವಿ ಮುಗಿಸಿದಾಗ ಬಾವಿಯ ಗೋಡೆಯಿಂದ ತುಕ್ಕು ಕೆರೆದು ಈ ಡಬ್ಬಿಯಲ್ಲಿ ತುಂಬಿ ಕೊಟ್ಟರು. “ಇದು ನನ್ನ ಪಾಲು. ನಿನಗಿರಲಿ.”

ಕಾಕಾ ಈಗಿಲ್ಲ. ಪಾಠ ಮುಗಿದ ವಾರ ಊರಿಗೆ ಹೋದಾಗ ಬಾವಿಯಲ್ಲಿ ಇಣುಕಿದೆ. ಪೊರೆ ಹಾಗೆಯೇ ಹೊಳೆಯುತ್ತಿತ್ತು. “ಕೆಲಸ ನಡ್ಯಾಕತ್ತದ ಕಾಕಾ,” ಎಂದೆ, ಯಾರೂ ಕೇಳದಿದ್ದರೂ...